ಟೇಪ್ ಸುತ್ತಿದ ಗುಂಡಿ

ಡಿಸೆಂಬರ್ 9, ಸೋಮವಾರ

ಕೂಸು ಹಾಲು ಕುಡಿದ ಹೊತ್ತು ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಈ ನೋಟ್‌ಬುಕ್ಕು ಶುರುವಾಯಿತು. ಬೆಳಿಗ್ಗೆ 6.10, ಎಡಗಡೆ. 8.40, ಬಲಗಡೆ, ಅರ್ಧಕ್ಕೇ ಬಿಟ್ಟಳು. 11.15. ಬರೆಯುತ್ತ ಬರೆಯುತ್ತ ಅಂಚಿನಲ್ಲಿ ಬೇರೆ ಮಾತುಗಳೂ ಬಂದು ಕೂತಿವೆ. ಇವತ್ತಿನಿಂದ ಅವಕ್ಕೂ ಒಂದು ಪುಟ. ಯಾರೂ ಓದುವುದಿಲ್ಲ. ಇವರಿಗೆ ನನ್ನ ಪುಸ್ತಕ ಮುಟ್ಟುವ ಅಭ್ಯಾಸವಿಲ್ಲ. ಈಗೀಗ ಯಾವುದನ್ನೂ ಮುಟ್ಟುವ ಅಭ್ಯಾಸವಿಲ್ಲ.

ಸುರಪುರದಲ್ಲಿ ತವರಿನ ಬಾಣಂತನ ಮುಗಿಸಿ, ನೀಲಾಳನ್ನು ಕರೆದುಕೊಂಡು ಹೆಬ್ಬಗೋಡಿಯ ಈ ಬಾಡಿಗೆ ಮನೆಗೆ ಬಂದು ಹನ್ನೊಂದು ದಿನವಾಯಿತು. ಅವಳಿಗೀಗ ಐದು ತಿಂಗಳು. ಈ ಹನ್ನೊಂದು ದಿನದಲ್ಲಿ ಅವಳಪ್ಪ ಅವಳನ್ನು ಒಂದು ಸಲವೂ ಎತ್ತಿಕೊಂಡಿಲ್ಲ. ತೊಟ್ಟಿಲ ಕಾರ್ಯಕ್ಕೆ ಊರಿಗೆ ಬಂದಾಗ ಇದೇ ಮನುಷ್ಯ ಕೂಸನ್ನು ಯಾರ ಕೈಗೂ ಕೊಡದೆ ಹೆಗಲ ಮೇಲೆ ಹಾಕಿಕೊಂಡು ತಿರುಗಿ, ನಮ್ಮ ಚಿಗವ್ವಂದಿರ ನಗೆಗೆ ಗುರಿಯಾಗಿದ್ದರು. ಈಗ "ಸ್ವಲ್ಪ ಹಿಡೀರಿ, ಅಕ್ಕಿ ತೊಳೀತೀನಿ" ಅಂದರೆ "ಕೈ ಎಣ್ಣಿ ಆಗ್ಯಾವ" ಅನ್ನುತ್ತಾರೆ. ಬೊಮ್ಮಸಂದ್ರದ ಕಂಪನಿಯಿಂದ ಬಂದು ಮೂರು ಸಲ ಸೋಪು ಹಚ್ಚಿ ತೊಳೆದ ಕೈ ಅದು. ನಾನೇ ನೋಡಿದ್ದೇನೆ.

ಅವ್ವ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಳು: "ಹೆಣ್ಣ ಹುಟ್ಟೇದಂತ ಮುನಸೇನವ್ವಾ ಪರಮಾನಂದಗ?"

ಇವರನ್ನೇ ಕೇಳಿಬಿಟ್ಟೆ. "ಹುಚ್ಚಿ ಇದ್ದಿ ನೀ" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮಧ್ಯಾಹ್ನ ಕೂಸು ಮಲಗಿದಾಗ ನಾನೂ ಮಲಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಉಸಿರಾಡುತ್ತಿದೆಯಾ ಎಂದು ಯಾರು ನೋಡುತ್ತಾರೆ ಮತ್ತೆ?

ಡಿಸೆಂಬರ್ 12, ಗುರುವಾರ

ಇವರು ಎಲ್ಲಿಗೆ ಹೋಗುತ್ತಾರೆಂದು ಗೊತ್ತಾಯಿತು. ಮೇಲಕ್ಕೆ. ಟೆರೇಸಿಗೆ.

ಮನೆ ಮಾಲೀಕರ ಮುದುಕಿ ಅಶ್ವತ್ಥಮ್ಮ ಅಲ್ಲಿ ಬಿಸಿಲಿಗೆ ಗೋಣಿಚೀಲ ಹಾಸಿ ಕೂತು ಅವರೆಕಾಯಿ ಬಿಡಿಸುತ್ತಾರೆ. ಈ ಕಡೆಯವರಿಗೆ ಚಳಿಗಾಲ ಬಂತೆಂದರೆ ಅವರೆಯದೇ ಹುಚ್ಚು. ಕಾಳು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಹಿದುಕಿ, ಸಿಪ್ಪೆ ತೆಗೆದು ಸಾರು ಮಾಡುತ್ತಾರೆ. ಬಟ್ಟೆ ತರಲು ಹೋದರೆ ಇವರು ಆ ಮುದುಕಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬೇಳೆ ಹಿದುಕುತ್ತಿದ್ದಾರೆ. ತಲೆ ತಗ್ಗಿಸಿ ಏನೋ ಹೇಳುತ್ತಲೂ ಇದ್ದಾರೆ. ನನ್ನನ್ನು ಕಂಡು ಬಾಯಿ ಮುಚ್ಚಿದರು.

"ನಿನ್ ಗಂಡ ಒಳ್ಳೆ ಕೆಲ್ಸಗಾರ ಕಣವ್ವ," ಎಂದರು ಅಶ್ವತ್ಥಮ್ಮ. "ಒಂದು ಉಳ ಬಿಡಾಕಿಲ್ಲ. ನಮ್ಮನೇವು ಅವೆ ನೋಡು, ಮೂರೊತ್ತೂ ಮೊಬೈಲ್ ಒತ್ಕಂಡು."

"ಅಷ್ಟೊತ್ತು ಏನ್ ಮಾತಾಡಿದ್ರಿ?" ಎಂದು ಆಮೇಲೆ ಕೇಳಿದೆ.

"ಏನಿಲ್ಲ. ಅವರಿಕಾಯಿ."

ನನಗೆ ಹೊಟ್ಟೆಕಿಚ್ಚಲ್ಲ. ಎಪ್ಪತ್ತರ ಮುದುಕಿಯ ಮೇಲೆ ಎಂಥ ಹೊಟ್ಟೆಕಿಚ್ಚು. ಅವರೆಕಾಳು ಹಿದುಕಲು ಬರುವ ಕೈಗೆ ಕೂಸು ಹಿಡಿಯಲು ಯಾಕೆ ಬರುವುದಿಲ್ಲ ಎಂದಷ್ಟೇ ಕೇಳುತ್ತಿದ್ದೇನೆ.

ಡಿಸೆಂಬರ್ 16, ಸೋಮವಾರ

ಇವತ್ತು ಇವರು ತಾವಾಗಿಯೇ ಪಕ್ಕ ಬಂದು ಕೂತರು. ಮೊಬೈಲಿನಲ್ಲಿ ಅವರ ಮ್ಯಾನೇಜರ್ ಭಾನುಪ್ರಕಾಶ್ ಕಳಿಸಿದ ನಾಲ್ಕು ಸಾಲು. "ಇದನ್ನ ಕನ್ನಡದಾಗ ನೀಟಾಗಿ ಬರದು ಕೊಡು. ನಂಗ ಬರಿಯಾಕ ಕೈ ಬರವಲ್ದು."

ನಾನು ಊರಿನಿಂದ ಬರುವ ಒಂದು ವಾರ ಮೊದಲು ಕಂಪನಿಯಲ್ಲಿ ಯಾರಿಗೋ ಏಟಾಯಿತು ಎಂದು ಫೋನಿನಲ್ಲಿ ಅಂದಿದ್ದರು. ಆ ಯಾರೋ ನಮ್ಮ ಮರೆಪ್ಪ ಎಂದು ಇವತ್ತು ತಿಳಿಯಿತು. ಲಿಂಗಸುಗೂರು ಕಡೆಯವರು, ಇವರಿಗಿಂತ ಹತ್ತು ವರ್ಷ ದೊಡ್ಡವರು, ಇವರ ಲೈನಿನಲ್ಲೇ ಆಪರೇಟರ್. ನಾವು ಸಂಸಾರ ಹೂಡಿದಾಗ ಕಬ್ಬಿಣದ ಬೀರುವನ್ನು ಬೆನ್ನ ಮೇಲೆ ಹೊತ್ತು ಎರಡನೇ ಮಹಡಿಗೆ ತಂದವರು. ಬಲಗೈಯ ಮೂರು ಬೆರಳು ಹೋಗಿವೆಯಂತೆ.

ಪ್ರೆಸ್ ಮಷೀನಿಗೆ ಎರಡು ಗುಂಡಿ ಇರುತ್ತವೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ. ಆಗ ಕೈ ಒಳಗೆ ಸಿಗುವುದಿಲ್ಲ. ಒಂದು ಗುಂಡಿಗೆ ಟೇಪ್ ಸುತ್ತಿ ಒತ್ತಿ ಹಿಡಿದಂತೆ ಮಾಡಿಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಆಗುತ್ತದೆ. ಕೈಯೂ ಹೋಗುತ್ತದೆ.

ಬರೆದೆ. "ಆಪರೇಟರ್ ಮರೆಪ್ಪ ಇವರು ಲೈನ್ ಇನ್‌ಚಾರ್ಜ್ ಆದ ನನ್ನ ಗಮನಕ್ಕೆ ತಾರದೆ, ಸ್ವಂತ ಇಚ್ಛೆಯಿಂದ ಯಂತ್ರದ ಸುರಕ್ಷತಾ ಗುಂಡಿಗೆ ಟೇಪ್ ಸುತ್ತಿ ಕೆಲಸ ಮಾಡಿದ ಕಾರಣ..." ಮ್ಯಾನೇಜರ್ ಮಾಡಿದ್ದ ಕಾಗುಣಿತದ ತಪ್ಪುಗಳನ್ನೂ ತಿದ್ದಿದೆ. ಕೆಳಗೆ ಸಹಿಗೆ ಜಾಗ ಬಿಟ್ಟೆ. ಜನವರಿ ಹತ್ತಕ್ಕೆ ವಿಚಾರಣೆಯಂತೆ.

ಇದು ಖರೆಯಾ ಎಂದು ಕೇಳಲಿಲ್ಲ. ಇವರೂ ಹೇಳಲಿಲ್ಲ. ಕಾಗದ ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡರು, ಸಹಿ ಮಾಡದೆ.

ನೀಲಾಳ ಬೆರಳು ಎಣಿಸಿದೆ. ಹತ್ತು. ಮತ್ತೊಮ್ಮೆ ಎಣಿಸಿದೆ.

ಡಿಸೆಂಬರ್ 17

5.20. 7.50. 10.00. ನಿದ್ದೆ ಇಲ್ಲ.

ಡಿಸೆಂಬರ್ 24, ಮಂಗಳವಾರ

ಬರೆಯಲೋ ಬೇಡವೋ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಈ ಬದಿಗೆ ನೀಲಾಳ ಲಂಗೋಟಿ ಒಣಹಾಕುತ್ತಿದ್ದೆ. ಆ ಬದಿಯಿಂದ ಇವರ ದನಿ. ಅಳುವ ಗಂಡಸಿನ ದನಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಮ್ಮು ಅಂದುಕೊಂಡೆ.

"ತಿಂಗಳಾತು, ನಿದ್ದಿ ಅಂಬೋದು ಗೊತ್ತಿಲ್ಲಮ್ಮಾ."

"ಅಳು ಮಗ, ಅಳು. ನೋಡೋರು ಯಾರವ್ರೆ ಇಲ್ಲಿ. ನಾನೊಂದ್ ಮುದ್ಕಿ, ಮ್ಯಾಲೊಂದ್ ಕಾಗೆ."

ಲಂಗೋಟಿ ಹಿಂಡುತ್ತಲೇ ಕೆಳಗಿಳಿದು ಬಂದೆ. ಮೆಟ್ಟಿಲ ತುಂಬ ನೀರು. ಈ ಮನೆಯಲ್ಲಿ ನಿದ್ದೆ ಇಲ್ಲದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಂದೇ ಹಾಸಿಗೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಎಚ್ಚರವಿದ್ದೇವೆ, ತಿಂಗಳಿಂದ.

ಸಂಜೆ ಜಗಳ ತೆಗೆದೆ. "ಹಾದಿಬೀದಿ ಮುದುಕ್ಯಾರ ಮುಂದ ಅಳ್ತೀರಿ. ನಾ ಯಾರು? ನನ್ನ ಮುಂದ ಹೇಳಾಕ ಏನಾಗೇದ? ಡಿಗ್ರಿ ಓದೀನಿ, ತಿಳೀತದ ನಂಗ."

"ಹೇಳ್ತೀನಿ ತಗೋ."

"ಯಾವಾಗ?"

"ಹೇಳ್ತೀನಿ ಅಂದೆಲ್ಲ ಭಾಗ್ಯಾ."

ಇವತ್ತಿನ ಕಾಲದ ಗಂಡ ಹೆಂಡತಿ ಮಾತಾಡಬೇಕು. ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು. ನಾನು ಅಂಥ ಹೆಂಡತಿ ಅಲ್ಲ, ಗಂಡಸು ಕಲ್ಲಾಗಿರಬೇಕು ಅನ್ನುವವಳು. ಇವರಿಗೆ ಅದು ಗೊತ್ತಾಗಬೇಕು.

ಡಿಸೆಂಬರ್ 29, ಭಾನುವಾರ

ಹೇಳಿದರು.

ಅಡುಗೆಮನೆಯಲ್ಲಿ ನಾನು ಚಟ್ನಿಗೆ ಪುಟಾಣಿ ತೆಗೆದಿಡುತ್ತಿದ್ದೆ. ನೀಲಾ ಚಾಪೆಯ ಮೇಲೆ ಕಾಲು ಬಡಿಯುತ್ತ ಇದ್ದಳು. ಇವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪೀಠಿಕೆಯೇ ಇಲ್ಲದೆ, "ಟೇಪ್ ಸುತ್ತಿದ್ದು ಮರೆಪ್ಪ ಅಲ್ಲ, ನಾನ" ಎಂದರು.

ಗೇಟಿನಲ್ಲಿ ಲಾರಿ ನಿಂತಿತ್ತಂತೆ. ಭಾನುಪ್ರಕಾಶ್ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರಂತೆ. "ಟೇಪ್ ಬ್ಯಾಡ್ರಿ ಸರ ಅಂದ ಅವ. ನಾ ಎಲ್ಲಾರ ಮುಂದ ಅವ್ನಿಗೆ ಒಂದು ಮಾತು ಅಂದೆ, ಭಾಗ್ಯಾ. ಒಂದು ಮಾತು..." ಅಷ್ಟಕ್ಕೇ ಕೆಳಗೆ ಕುಸಿದು ಕೂತುಬಿಟ್ಟರು. "ಬೆರಳು ನಾನ ಎತ್ತಿದೆ. ಬೆಚ್ಚಗಿದ್ದುವು. ಈಗ ನೀಲಾನ ಕೈ ಹಿಡಿಯೂಣು ಅಂದ್ರ..." ಎಂದು ಬಾಯಿ ತೆರೆದುಕೊಂಡು, ಮೂಗು ಸೋರುತ್ತ, ಹೂಂಕರಿಸಿದಂತೆ ಅತ್ತರು. ಮನುಷ್ಯರ ಅಳುವಲ್ಲ ಅದು. ನೀಲಾ ಬೆಚ್ಚಿ ಚೀರಿದಳು.

ನಾನು ಮಿಕ್ಸಿ ಹಾಕಿದೆ. ಜಾರಿನಲ್ಲಿ ಏನೂ ಇರಲಿಲ್ಲ. ಕೆಳಗಿನ ಮನೆಯವರಿಗೆ ಕೇಳಿಸದಿರಲಿ ಎಂದು ಖಾಲಿ ಜಾರನ್ನೇ ತಿರುಗಿಸುತ್ತ, ಆ ಸದ್ದಿನ ಮೇಲೆ ಕೂಗಿ ಹೇಳಿದೆ: "ಸುಮ್ಮನಿರ್ರಿ! ಗಂಡಸಾಗಿ ಹಿಂಗ ಅಳ್ತಾರೇನ್ರಿ? ನೀವ ಹಿಂಗಾದ್ರ ನಾವಿಬ್ರೂ ಯಾರ ಮಾರಿ ನೋಡೂಣು?"

ಸುಮ್ಮನಾದರು. ಎಷ್ಟು ಬೇಗ ಸುಮ್ಮನಾದರೆಂದರೆ ಮಿಕ್ಸಿಯೇ ಹಿಂದೆ ಬಿತ್ತು. ಎದ್ದು ಮುಖ ತೊಳೆದು, "ಚಾ ಮಾಡ್ತಿಯೇನು" ಎಂದರು.

ನಾನು ಅಂದದ್ದರಲ್ಲಿ ತಪ್ಪೇನು? ಕೂಸು ಹೆದರಿತ್ತು. ಕೇಳಬೇಕು ಎಂದವಳು ನಾನೇ, ಹೌದು. ಆದರೆ ಹೀಗೆ ಎಂದುಕೊಂಡಿರಲಿಲ್ಲ. ಕಣ್ಣು ತೇವ ಮಾಡಿಕೊಂಡು, ಮೆಲ್ಲಗೆ, ನನ್ನ ಕೈ ಹಿಡಿದುಕೊಂಡು ನಾಲ್ಕು ಮಾತು. ಹಾಗೆ ಎಂದುಕೊಂಡಿದ್ದೆ. ಅಷ್ಟನ್ನು ಸಂತೈಸಲು ನನಗೂ ಬರುತ್ತಿತ್ತು.

ಜನವರಿ 2, ಗುರುವಾರ

ಈಗ ಸರಿಯಾಗಿದ್ದಾರೆ. ವೇಳೆಗೆ ಸರಿಯಾಗಿ ಊಟ, ವೇಳೆಗೆ ಕಂಪನಿ. ಟೆರೇಸಿಗೂ ಹೋಗುವುದಿಲ್ಲ. ನಿನ್ನೆ ಕಾಗದಕ್ಕೆ ಸಹಿ ಮಾಡಿ ಆಫೀಸಿಗೆ ಕೊಟ್ಟು ಬಂದರಂತೆ. "ಕೊಟ್ಟೆ" ಎಂದರು. "ಛಲೋ ಆತು" ಎಂದೆ. ಮನೆಯಲ್ಲಿ ಒಂದು ಸದ್ದಿಲ್ಲ.

ಫ್ರಿಜ್ಜಿನ ಸದ್ದು ಇಷ್ಟು ಜೋರಾಗಿ ಮೊದಲು ಕೇಳಿಸುತ್ತಿತ್ತೇ?

ಜನವರಿ 6, ಸೋಮವಾರ

ಅಶ್ವತ್ಥಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಮನೆಗೇ ಬಂದರು. ಒಂದು ಡಬ್ಬಿ ಸಾರು ನೆಪಕ್ಕೆ.

"ಏನಂದೆ ಅವ್ನಿಗೆ?"

"ಏನೂ ಅಂದಿಲ್ರಿ ಅಮ್ಮ."

"ಮೆಟ್ಲಲ್ಲಿ ಸಿಕ್ದ. ಮಾತಾಡ್ಸುದ್ರೆ ಗೋಡೆ ಮಾತಾಡ್ದಂಗೆ 'ಊಟ ಆಯ್ತಾಮ್ಮ' ಅಂದ. ಬೇಳೆ ಇದುಕೋವಾಗ ಇಂಗಿರ್ಲಿಲ್ಲ ಅವ್ನು."

ನನಗೂ ರೇಗಿತು. "ನೀವು ಹೊರಗಿನವರು. ಅವರು ಅತ್ರೆ ನಿಮಗೇನೂ ಹೋಗೋದಿಲ್ಲ. ನಾಳೆ ಕೆಲಸ ಹೋದ್ರೆ ಬೀದಿಗೆ ಬರೋಳು ನಾನು."

ಮುದುಕಿಗೆ ಸಿಟ್ಟು ಬರಲಿಲ್ಲ. ನೀಲಾಳ ಪಾದ ಹಿಡಿದು ಅಲ್ಲಾಡಿಸುತ್ತ ಹೇಳಿದರು: "ನಮ್ ಯಜಮಾನ್ರು ಫ್ಯಾಕ್ಟ್ರಿಗೆ ಒಲ ಕೊಟ್ ಮ್ಯಾಲೆ ಆರು ವರ್ಷ ಬದುಕಿದ್ರು. ದುಡ್ ಬಂತು, ಈ ಬಿಲ್ಡಿಂಗ್ ಆಯ್ತು. ಒಂದಿನ ನನ್ ತಾವ ಕುಂತ್ಕಂಡು ಏನೋ ಯೋಳಕ್ ಬಂದ್ರು, ಪಂಚೆ ಚುಂಗು ಕಣ್ಗೆ ಒತ್ಕಂಡ್ರು. ನಾನು 'ಅಯ್ಯೋ, ನೀವೇ ಇಂಗಾದ್ರೆ' ಅಂದೆ. ಅಷ್ಟೇ ಕಣವ್ವ ಅಂದಿದ್ದು. ಏನ್ ಯೋಳಕ್ ಬಂದಿದ್ರೋ, ಇವತ್ತಿಗೂ ಗೊತ್ತಿಲ್ಲ ನಂಗೆ."

ಡಬ್ಬಿ ಆಮೇಲೆ ಕೊಡು ಎಂದು ಇಳಿದು ಹೋದರು. ಸಾರು ಚೆನ್ನಾಗಿತ್ತು. ಎಲ್ಲವನ್ನೂ ನಿಂತುಕೊಂಡೇ ತಿಂದೆ.

ಜನವರಿ 8, ಬುಧವಾರ

ಬೆಳಿಗ್ಗೆ ಇವರು ಶೂ ಹಾಕಿಕೊಳ್ಳುವಾಗ, "ಅವತ್ತ ಒಂದು ಮಾತು ಅಂದೆ ಅಂದ್ರೆಲ್ಲ, ಏನದು?" ಎಂದೆ.

"ಏನಿಲ್ಲ. ಮುಗೀತಲ್ಲ."

"ಆ ಕಾಗದ ವಾಪಸ್ ಇಸಗೋರಿ."

ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಇವರಿಗೂ ಆಗಲಿಲ್ಲ. ಒಂದು ಶೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ಸಹಿ ಮಾಡಿ ಕೊಟ್ಟಾಗೇದ. ಈಗ ಸುಳ್ಳು ಅಂದ್ರ ಇನ್‌ಚಾರ್ಜ್‌ಗಿರಿ ಅಲ್ಲ, ಕೆಲಸಾನ ಹೋಗ್ತದ. ಕೂಸಿನ ಮಾರಿ ನೋಡು. ನೀನ ಅಂದೆಲ್ಲ, ಯಾರ ಮಾರಿ ನೋಡೂಣು ಅಂತ."

"ಅಂದೆ."

"ಮತ್ತ?"

"ಮರೆಪ್ಪಣ್ಣಗೂ ಮನಿ ಅದ" ಎಂದೆ. ಇವರು ಇನ್ನೊಂದು ಶೂ ಹಾಕಿಕೊಂಡರು. ಲೇಸ್ ಕಟ್ಟಲು ಮೂರು ಸಲ ಬೇಕಾಯಿತು.

ಜನವರಿ 10, ಶುಕ್ರವಾರ

ನಾಲ್ಕು ಗಂಟೆಗೇ ಬಂದರು. ಶಿಫ್ಟ್ ಮುಗಿಯುವ ಮೊದಲೇ. ಕೇಳಲು ಹೆದರಿ ನೀರು ತಂದುಕೊಟ್ಟೆ.

"ಹೇಳಿದೆ," ಎಂದರು.

ವಿಚಾರಣೆಗೆ ಹೊರಗಿನಿಂದ ಒಬ್ಬ ವಕೀಲರು ಬಂದಿದ್ದರಂತೆ. ಮರೆಪ್ಪ ಎದುರಿಗೆ, ಕೈಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರಂತೆ, ಇವರ ಕಡೆ ನೋಡಲೇ ಇಲ್ಲವಂತೆ. ಕಾಗದ ಓದಿ ಇದು ನಿಮ್ಮ ಹೇಳಿಕೆಯಾ ಎಂದಾಗ ಇವರು, ಸಹಿ ನಂದು, ಹೇಳಿಕೆ ಸುಳ್ಳು, ಟೇಪ್ ಸುತ್ತಿದ್ದು ನಾನು ಎಂದರಂತೆ. ಭಾನುಪ್ರಕಾಶ್ ಎದ್ದು ನಿಂತು ಹೆಗಲ ಮೇಲೆ ಕೈಹಾಕಿ, "ಗುರು, ಟೆನ್ಷನ್‌ನಲ್ಲಿದೀಯ, ಹೊರಗೋಗಿ ಒಂಚೂರು ನೀರು ಕುಡ್ಕೊಂಡ್ ಬಾ" ಎಂದರಂತೆ. ಇವರು ಹೋಗಿ ನೀರು ಕುಡಿದು ಬಂದು ಅದನ್ನೇ ಹೇಳಿದರಂತೆ.

ಸಸ್ಪೆಂಡ್. ಮುಂದಿನದ್ದು ಪತ್ರದಲ್ಲಿ ತಿಳಿಸುತ್ತಾರಂತೆ.

"ಕಾಗದ ಬರದವರು ಯಾರು ಅಂತ ಕೇಳಿದ್ರು," ಎಂದರು ಲೋಟ ಕೆಳಗಿಡುತ್ತ. "ನಾನ ಅಂದೆ. ನಿನ್ನ ಹೆಸರು ಬ್ಯಾಡ ಅದರಾಗ."

ಹಾಯೆನಿಸಿತು. ಬರೆದಿಡುತ್ತೇನೆ, ಹಾಯೆನಿಸಿತು. ಆಮೇಲೆ ಅಕ್ಕಿ ಆರಿಸುತ್ತ ಕೂತವಳಿಗೆ ಒಂದೇ ತಟ್ಟೆ ಅಕ್ಕಿ ಆರಿಸಲು ಒಂದು ತಾಸು ಹಿಡಿಯಿತು. ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ಗಂಡನಿಗೆ ಪಾಠ ಹೇಳಿದವಳು ನಾನು.

ಜನವರಿ 12, ಭಾನುವಾರ

ಮರೆಪ್ಪನವರ ಮನೆಗೆ ಹೋಗಿದ್ದೆವು. ಇದೇ ಹೆಬ್ಬಗೋಡಿಯ ಹಿಂದಿನ ಬೀದಿ, ಒಂದೇ ಸಾಲಿನಲ್ಲಿ ಎಂಟು ಕೋಣೆ, ಅದರಲ್ಲಿ ಕೊನೆಯದು. ಹೋಗಬೇಕೆಂದವಳು ನಾನು. ಇವರು ನಾನೂ ಬರ್ತೀನಿ ಎಂದು ಬಂದವರು ಬೀದಿ ಕೊನೆಯ ಕರೆಂಟ್ ಕಂಬದ ಹತ್ತಿರ ನಿಂತುಬಿಟ್ಟರು. "ನೀ ಹೋಗು. ಒಳಗ ಬರಾಕ ನಂಗ ಕಾಲು ಏಳವಲ್ವು."

ಬಾಗಿಲು ತೆರೆದಿತ್ತು. ಅವರ ಹೆಂಡತಿ ಚನ್ನಕ್ಕ ಒಲೆಯ ಮುಂದೆ ಜೋಳದ ರೊಟ್ಟಿ ತಟ್ಟುತ್ತಿದ್ದರು. ಬಳೆಗಳನ್ನು ಹಿಟ್ಟು ತಾಗದಂತೆ ಮೊಣಕೈಯತ್ತ ಸರಿಸಿಕೊಂಡಿದ್ದರು. ಮರೆಪ್ಪ ಗೋಡೆಗೊರಗಿ ಕೂತಿದ್ದರು, ಬಲಗೈ ಟವೆಲಿನ ಕೆಳಗೆ.

"ಬಾ ತಂಗಿ. ಕೂಸು ದೊಡ್ಡಾಕಿ ಆಗ್ಯಾಳಲ್ಲ," ಎಂದರು.

ಕೂರುವ ಮೊದಲೇ ಹೇಳಿಬಿಟ್ಟೆ: "ಆ ಕಾಗದ ಇವರು ಬರದದ್ದಲ್ರಿ ಅಣ್ಣಾರ. ನಾ ಬರದದ್ದು. ಖರೇ ಏನು ಸುಳ್ಳೇನು ಅಂತ ಕೇಳಲಾರದ ಬರದೆ. ಕೇಳಿದ್ರ ಗೊತ್ತಾಗ್ತದ ಅಂತ ಕೇಳಲಿಲ್ಲ." ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು. ಮೂಗು ಸೋರುತ್ತಿತ್ತು. ಸೆರಗಿನ ತುದಿ ನೀಲಾಳ ಬಾಯಲ್ಲಿತ್ತು.

ಚನ್ನಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಅದನ್ನ ಹಿಡ್ಕೊಂಡು ಆಫೀಸಿನವರು ಇಲ್ಲಿಗೇ ಬಂದಿದ್ರು. ಎಡಗೈ ಹೆಬ್ಬೆಟ್ಟು ಒತ್ತು ಅಂದ್ರು. ಬಾಜೂ ಮನಿ ಹುಡುಗಿ ಓದಿ ಹೇಳಿದ್ಲು. ಸ್ವಂತ ಇಚ್ಛೆ ಅಂದ್ರ ಏನವ್ವಾ ಅಂತ ಕೇಳಿದೆ. ಆಕಿ ಹೇಳಿದ ಮ್ಯಾಲ ಒತ್ತಗೊಡಲಿಲ್ಲ ನಾ."

ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಇನ್ನೊಂದು ಉಂಡೆ ತೆಗೆದುಕೊಂಡರು.

"ಟೇಪಿನ ಮಾತು ಬಿಡು," ಎಂದರು ಮರೆಪ್ಪ. "ಎಲ್ಲಾ ಲೈನಿನಾಗೂ ಸುತ್ತತಾರ. ನಾನೂ ಸುತ್ತೀನಿ. ಅವತ್ತ ನಂಗ ಜ್ವರ ಇತ್ತು. ಇವತ್ತೊಂದಿನ ಎರಡೂ ಗುಂಡಿ ಒತ್ತೇ ಮಾಡ್ತೀನ್ರಿ ಸರ ಅಂದೆ. ಅದಕ ನಿನ್ನ ಗಂಡ ಏನಂದ, ಹೇಳ್ಯಾನೇನು ನಿನಗ?"

"ಇಲ್ರಿ. ಹೇಳಾಕ ಬಂದಿದ್ರು. ನಾ ಕೇಳಲಿಲ್ಲ."

"ಕರಿ ಅವ್ನ. ಕಂಬಕ್ಕ ಒರಗಿ ನಿಂತಾನಲ್ಲ, ಕಿಟಕ್ಯಾಗ ಕಾಣಸ್ತಾನ."

ಹೋಗಿ ಕರೆದೆ. ಬಂದರು. ಆತುರದಲ್ಲಿ ನನ್ನ ಚಪ್ಪಲಿಯ ಪಟ್ಟಿ ಸಿಕ್ಕಿಹಾಕಿಕೊಂಡಿತ್ತು, ಬಿಚ್ಚಲು ಬಗ್ಗಬೇಕಾಗಿ ನೀಲಾಳನ್ನು ಇವರ ಕೈಗೆ ಕೊಟ್ಟೆ. ನಾನು ತಲೆ ಎತ್ತುವಷ್ಟರಲ್ಲಿ ಇವರು ಹೊಸ್ತಿಲ ಒಳಗೆ ನಿಂತಿದ್ದರು.

"ಹೇಳ್ರಿ ಸರ," ಎಂದರು ಮರೆಪ್ಪ. "ಅವತ್ತ ಏನಂದ್ರಿ? ಇವರಿಬ್ಬರ ಮುಂದ ಹೇಳ್ರಿ."

ಪಕ್ಕದ ಕೋಣೆಯ ಕುಕ್ಕರ್ ಎರಡು ಸಲ ಕೂಗಿತು.

"ಹೆದರಿಕಿ ಆದ್ರ ಬಳಿ ಹಾಕ್ಕೊಂಡು ಮನ್ಯಾಗ ಕೂಡು ಅಂದೆ."

"ಎಲ್ಲಾರೂ ನಕ್ಕರೋ ಇಲ್ಲೋ?"

"ನಕ್ಕರು. ನಾನೂ ನಕ್ಕೆ."

"ಅದಕ್ಕ ಹೋಗಿ ನಿಂತೆ ನಾ. ಟೇಪಿಗೆ ಅಲ್ಲ. ಆ ನಗಿಗೆ." ಮರೆಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಚನ್ನಕ್ಕನ ಕೈ ಆಗ ನಿಂತಿತು. ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ ಇವರನ್ನು ನೋಡಿದರು. "ಎರಡು ತಿಂಗಳಾತು ತಮ್ಮಾ, ಬಳಿ ಹಾಕ್ಕೊಂಡ ನಾ ಗಾರ್ಮೆಂಟ್ಸಿಗೆ ಹೋಗ್ತೀನಿ, ಬಂದು ಇವ್ರಿಗಿ ಅಂಗಿ ಗುಂಡಿ ಹಾಕ್ತೀನಿ, ತುತ್ತು ಮಾಡಿ ಉಣಸ್ತೀನಿ. ಹೆದರಿಕಿನೂ ಆಗ್ತದ. ದಿನಾ ಆಗ್ತದ."

ಇವರು ಅತ್ತರು. ಅವತ್ತು ಅಡುಗೆಮನೆಯಲ್ಲಿ ಅತ್ತರಲ್ಲ, ಹಾಗೆಯೇ, ಅದೇ ದನಿ. ಎಂಟು ಕೋಣೆಗೂ ಕೇಳಿಸಿರಬೇಕು. ಎರಡೂ ಕೈ ಬಿಡುವಿಲ್ಲದ್ದರಿಂದ ಮುಖ ಒರೆಸಿಕೊಳ್ಳಲು ಆಗಲಿಲ್ಲ, ಕಣ್ಣೀರೆಲ್ಲ ನೀಲಾಳ ಟೋಪಿಯ ಮೇಲೆ ಬೀಳುತ್ತಿತ್ತು. ಅವಳು ಹೆದರಲಿಲ್ಲ. ಅಪ್ಪನ ಗದ್ದ ಹಿಡಿದು ಬಾಯಿ ನೋಡುತ್ತಿದ್ದಳು. ನಾನು ಬಾಗಿಲ ಬಳಿ ಒಂಟಿ ಚಪ್ಪಲಿಯಲ್ಲಿ ನಿಂತಿದ್ದೆ.

ಮರೆಪ್ಪ ಈ ಕಡೆ ತಿರುಗಿ ಟವೆಲ್ ಸರಿಸಿದರು. ಎರಡೇ ಬೆರಳಿನ ಆ ಕೈಯಿಂದಲೇ ಪಕ್ಕದ ಚಾಪೆಯನ್ನು ತಟ್ಟಿದರು.

"ಕೂಡ್ರಿ ಸರ," ಎಂದರು. "ನಿಂತು ಅಳಬ್ಯಾಡ್ರಿ. ಕೂಸು ಬಿದ್ದೀತು."